ಸಿಕ್ಕ ಜಾಗ

ಬಾಟಲಿಯನ್ನು ಎಲ್ಲಿಡಬೇಕೆಂದು ಕಲ್ಯಾಣಪ್ಪನಿಗೆ ತಿಳಿಯಲಿಲ್ಲ. ಇಷ್ಟು ದಿನ ಅದು ಕೊಟ್ಟಿಗೆಯ ಗೋಡೆಯ ಸಂದಿನಲ್ಲಿ, ಗೋಣಿಚೀಲದ ಮರೆಯಲ್ಲಿ ಇತ್ತು. ಇವತ್ತು ಹೈದರಾಬಾದಿನಿಂದ ಪ್ರೊಫೆಸರರು ಬರುವವರಿದ್ದರು. ಅಂಥವರಿಗೆ ಕೊಟ್ಟಿಗೆಯಿಂದ ತೆಗೆದು ತೋರಿಸುವುದು ಹೇಗೆಂದು ಬೆಳಗಿನ ಪೂಜೆಗೆ ಮೊದಲೇ ಅದನ್ನು ಹಳೇ ಧೋತರದ ತುಂಡಿನಲ್ಲಿ ಹಿಡಿದು ಒಳಗೆ ತಂದಿದ್ದ. ತಂದಮೇಲೆ ಅದು ಕೈಯಲ್ಲೇ ಉಳಿಯಿತು. ಅಡುಗೆಮನೆಯ ಮಾತೇ ಇಲ್ಲ. ಪಡಸಾಲೆಯ ಗೂಡಿನಲ್ಲಿ ವಿಭೂತಿಗಟ್ಟಿ ಇತ್ತು, ಬಸವಣ್ಣನ ಪಟ ಇತ್ತು. ಅದರ ಮಗ್ಗುಲಲ್ಲಿ ಸಾರಾಯಿಯಲ್ಲಿ ಮುಳುಗಿದ ಕಪ್ಪೆಯೇ? ಕಿಟಕಿಯ ಕಟ್ಟೆಯ ಮೇಲಿಟ್ಟರೆ ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ, ಮತ್ತು ಕಾಣುವುದು ಕಪ್ಪೆಯಲ್ಲ, ಬಾಟಲಿ. ಕಟ್ಟಿಗೆ ಒಡೆಯುವ ಭಗವಂತ ಸೇಂದಿ ಅಂಗಡಿಯಿಂದ ಅದನ್ನು ರುಮಾಲಿನ ಸೆರಗಿನೊಳಗೆ ಮುಚ್ಚಿ ತಂದದ್ದು ಅವತ್ತೇ ಸಂಜೆಗೆ ಇಡೀ ಊರಿಗೆ ಗೊತ್ತಾಗಿತ್ತು. ಚಾವಡಿಯ ಮುಂದೆ ಹಾಯುವಾಗ ದೌಲತರಾಯಗೌಡ ಕರೆದು ಕೇಳಿದ್ದ: "ಏನ್ ಮಾಸ್ತರ್ರ, ಔಷಧ ತೊಗೊಳಾಕತ್ತೀರಂತ? ನಮಗೂ ಒಂದ್ ಗುಟುಕು ಹೇಳ್ರಲ್ಲ!" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕಲ್ಯಾಣಪ್ಪ ನಿಂತು, ಅದು ಕುಡಿಯಲಿಕ್ಕಲ್ಲ, ಒಂದು ಕಪ್ಪೆಯನ್ನು ಕೆಡದ ಹಾಗೆ ಇಡಲಿಕ್ಕೆ ಎಂದು ಬಿಡಿಸಿ ಹೇಳಿದ. ನಗು ಇಮ್ಮಡಿಯಾಯಿತು. ನಿಂತು ಹೇಳಬಾರದಿತ್ತು. ಯಾವಾಗಲೂ ಅವನು ನಿಂತು ಹೇಳಿ ಕೆಡುತ್ತಿದ್ದ.

"ಅದೇನ್ ಕೂಸೇನ್ರಿ, ಹಂಗ ಎದಿಗಿ ಹಿಡಕೊಂಡ ನಿಂದ್ರಾಕ?" ಎಂದಳು ಹೆಂಡತಿ ಶಾರದಾಬಾಯಿ. ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ಕಣ್ಣು ಎತ್ತಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಕಪ್ಪೆ ಹೊಸದೆಂದು ಗೊತ್ತಾದರೆ ಕಂಡುಹಿಡಿದವನ ಹೆಸರನ್ನು ಅದರ ಹೆಸರಿಗೆ ಕೂಡಿಸುವುದುಂಟು ಎಂದು ಪ್ರೊಫೆಸರರು ಕಾರ್ಡು ಬರೆದ ದಿನ ಅವನು ಅದನ್ನು ಅವಳಿಗೆ ಓದಿ ಹೇಳಿದ್ದ. "ಕಪ್ಪಿಗಿ ನಿಮ್ಮ ಹೆಸರ? ಮಂದಿ ಮೊಮ್ಮಕ್ಕಳಿಗಿ ಇಡಸ್ತಾರ್ರಿ ಹೆಸರ," ಎಂದಿದ್ದಳು. ಅದರಲ್ಲಿ ಚುಚ್ಚು ಇತ್ತೋ, ಬರೀ ಆಶ್ಚರ್ಯವಿತ್ತೋ? ಅವಳ ಮಾತು ಹಾಗೆಯೇ; ಒಳಗೆ ಹೋಗಿ ಕೂತಮೇಲೆ ಕುಟುಕುತ್ತದೆ. ಅವನು ಬಾಟಲಿಯನ್ನು ಕೊನೆಗೆ ಹೊಸ್ತಿಲ ಪಕ್ಕ, ಕೆರಗಳ ಹತ್ತಿರ ಇಟ್ಟ. ಇಟ್ಟು ಕೈ ತೊಳೆದುಕೊಂಡ. ಬಟ್ಟೆಯ ಮೇಲಿಂದ ಹಿಡಿದಿದ್ದರೂ ತೊಳೆದುಕೊಂಡ. ಬಲಗೈಯ ಹೆಬ್ಬೆರಳ ಬುಡದಲ್ಲಿ ಚಿಕ್ಕಂದಿನಿಂದ ಒಂದು ನರುಲಿ ಇತ್ತು. ಕಪ್ಪೆ ಮುಟ್ಟಿದ್ದಕ್ಕೆ ಆದದ್ದೆಂದು ಅಪ್ಪ ಹೇಳುತ್ತಿದ್ದ. ಮುಟ್ಟಿರಲಿಲ್ಲ. ಓರಗೆಯ ಹುಡುಗರು ಹಿಡಿದು ಕೆಡವಿ ಅಂಗಿಯೊಳಗೆ ಬಿಟ್ಟಿದ್ದರು, ಬೆನ್ನ ಮೇಲೆ ಅದು ಹೊರಳಾಡಿತ್ತು, ತಣ್ಣಗೆ. ಅವತ್ತಿನಿಂದ ಜೀವವಿದ್ದ ಕಪ್ಪೆಯನ್ನಾಗಲಿ ಸತ್ತದ್ದನ್ನಾಗಲಿ ಅವನು ಮುಟ್ಟಿದವನಲ್ಲ. ಹೀಗಿದ್ದೂ ಅವೇ ಅವನಿಗೆ ಬೇಕಾದವು. ನೆಲೋಗಿಯ ಶಾಲೆಯಲ್ಲಿದ್ದಾಗ, ಆಮೇಲೆ ಆಳಂದ ತಾಲೂಕಿನ ಈ ಮಡ್ಡಿವಾಡಿಗೆ ವರ್ಗವಾಗಿ ಬಂದಮೇಲೆ, ಮಳೆಗಾಲದ ಸಂಜೆ ಹಳ್ಳದ ದಂಡೆಯಲ್ಲಿ ನಿಂತು ಅವುಗಳ ದನಿಯನ್ನು ಬೇರೆ ಬೇರೆ ಮಾಡುತ್ತಿದ್ದ. ಯಾತಕ್ಕೆಂದು ಅವನಿಗೇ ಗೊತ್ತಿರಲಿಲ್ಲ. ಹೈದರಾಬಾದಿನ ಸರಕಾರದಲ್ಲಿ ಉರ್ದು ನೆಟ್ಟಗೆ ಬಾರದ ಮಾಸ್ತರನಿಗೆ ಬಡ್ತಿ ಇಲ್ಲ. ವಿದ್ಯಾ ಇಲಾಖೆಯ ಎಳೇ ಮೀಸೆಯ ಇನ್‌ಸ್ಪೆಕ್ಟರ ಮಕ್ಕಳ ಮುಂದೆಯೇ ಅವನ ಮಾತನ್ನು ತಿದ್ದಿ ನಕ್ಕು ಹೋಗುತ್ತಿದ್ದ. ಕಪ್ಪೆಗಳು ಯಾವ ಭಾಷೆಯನ್ನೂ ಕೇಳುತ್ತಿರಲಿಲ್ಲ.

ಅದನ್ನು ಅವನು ಮೊದಲು ಕಂಡದ್ದು ಗವಿಯಲ್ಲಿ. ಊರಿಗೆ ಹತ್ತಿದ ಗುಡ್ಡದ ಮೇಲೆ ಮಠ, ಮಠದ ಹಿಂದೆ ಗವಿ, ಗವಿಯೊಳಗೆ ಲಿಂಗ, ಲಿಂಗದ ಹಿಂದೆ ಕಲ್ಲಿನ ಬಾಯಿಂದ ಬೀಳುವ ಬುಗ್ಗೆ. ಸುತ್ತಲಿನ ಕರಿನೆಲವೆಲ್ಲ ಬಿರಿದು ಬಾಯಿಬಿಡುವ ಬೇಸಗೆಯಲ್ಲೂ ಆ ಬುಗ್ಗೆ ಬತ್ತುತ್ತಿರಲಿಲ್ಲ. ಲಿಂಗವಂತರ ಮನೆಗಳಿಗೆಲ್ಲ ಅಲ್ಲಿಯದೇ ನೀರು. ಹೊಲಗೇರಿಯವರು ಗುಡ್ಡದ ಮೆಟ್ಟಿಲನ್ನು ತುಳಿಯುವಂತಿರಲಿಲ್ಲ; ಅವರಿಗೆ ಕೇರಿಯ ಕೆಳಗಿನ ಒಣ ಹಳ್ಳದಲ್ಲಿ ತೋಡಿಕೊಂಡ ಒಂದು ವರತೆ ಇತ್ತು. ಒಂದು ಸೋಮವಾರ ಕಲ್ಯಾಣಪ್ಪ ಗವಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ, ಕಣ್ಣು ತೆರೆದಾಗ ಲಿಂಗದ ಪಕ್ಕದ ಒದ್ದೆ ಕಲ್ಲಿನ ಮೇಲೆ ಅದು ಕೂತಿತ್ತು. ಹೆಬ್ಬೆರಳ ಗಾತ್ರ. ಬಯಲಲ್ಲಿ ಕಾಣುವ ಗಂಟುಗಂಟು ಮೈಯ ದಡ್ಡ ನೆಲಗಪ್ಪೆಯಲ್ಲ. ಸಣ್ಣ ನಡು, ಪಕ್ಕೆಯಲ್ಲಿ ಮುತ್ತುಗದ ಹೂವಿನ ಬಣ್ಣದ ಚುಕ್ಕೆಗಳು, ಗಂಟಲು ಮಾತ್ರ ಪುಟುಪುಟು ಹೊಡೆದುಕೊಳ್ಳುತ್ತಿತ್ತು. ಅದು ಅವನನ್ನೇ ನೋಡುತ್ತಿತ್ತು. ಜಪ ನಿಂತುಹೋಯಿತು. ಇಂಥದೊಂದು ಪಡುವಣ ಸೀಮೆಯ, ದಿನವಿಡೀ ಮಳೆ ಹೊಯ್ಯುವ ಬೆಟ್ಟಗಳಲ್ಲಿ ಮಾತ್ರ ಇರುತ್ತದೆಂದು ಅವನು ಓದಿದ್ದ. ಇಲ್ಲಿಂದ ಆ ಬೆಟ್ಟಗಳಿಗೆ ಎತ್ತಿನ ಗಾಡಿ ಕಟ್ಟಿದರೆ ಎರಡು ವಾರಕ್ಕೂ ಮುಟ್ಟಲಾಗದು. ನಡುವೆ ಬರೀ ಜೋಳದ ಹೊಲ, ಸುಣ್ಣಗಲ್ಲು, ಬಿಸಿಲು. ಹಾಗಾದರೆ ಇದು ಹೇಗೆ ಬಂತು? ಬಂದದ್ದಲ್ಲ, ಇಲ್ಲೇ ಇದ್ದದ್ದು ಎಂದು ಹೊಳೆದಾಗ ಅವನ ಮೈ ಜುಮ್ಮೆಂದಿತು. ಎಲ್ಲರೂ ದಿನಾ ಕಂಡು ಯಾರೂ ನೋಡದ್ದು. ತನ್ನ ಹಾಗೆ, ಎಂದುಕೊಂಡ. ಆಮೇಲೆ ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಜಾಗ ಯಾವುದೆಂದು ಹೇಳದೆ ಅವನು ಹೈದರಾಬಾದಿಗೆ ಕಾಗದ ಬರೆದ; ಬರೀ ಕಂಡರೆ ಸಾಲದು, ಕಳಿಸಬೇಕು, ತೋರಿಸಬೇಕು ಎಂದು ಪ್ರೊಫೆಸರರ ಕಾರ್ಡು ಬಂತು. ಹಿಡಿಯುವವರು ಯಾರು? ಹಿಡಿದು ಕೊಲ್ಲುವವರು ಯಾರು? ಎದೆಯ ಮೇಲೆ ಲಿಂಗ ಕಟ್ಟಿಕೊಂಡವನು ಲಿಂಗದ ಮಗ್ಗುಲ ಜೀವವನ್ನು ಸಾರಾಯಿಯಲ್ಲಿ ಮುಳುಗಿಸುವುದೆ? ಭಗವಂತ ಕಟ್ಟಿಗೆ ಒಡೆಯಲು ಬಂದಿದ್ದ. ಕೇರಿಯವನು, ಹಿತ್ತಲ ಗೋಡೆಯ ಆಚೆಗೇ ನಿಂತು ಮಾತಾಡುವವನು, ತನ್ನ ವಯಸ್ಸಿನವನೇ. ಕಲ್ಯಾಣಪ್ಪ ಆಕಾಶ ನೋಡುತ್ತ ಹೇಳಿದ: "ಗವಿಯಾಗ, ಬುಗ್ಗಿ ಬಾಯಿ ಕಡಿ ಕಲ್ಲಿನ ಕೆಳಗ ಒಂದ್ ಸಣ್ಣ ಕಪ್ಪಿ ಇರ್ತದ. ನನಗ ಒಂದ್ ಬೇಕಾಗೇದ." ಕೊಡಲಿ ನಿಂತಿತು. "ಗವಿಯಾಗ್ರಿ?" ಎಂದ ಭಗವಂತ. "ಹೆಂಗರ ಮಾಡು," ಎಂದು ಇವನು ಒಳಗೆ ಬಂದು ನೀರು ಕುಡಿದಿದ್ದ. ಹೆಂಗರ ಮಾಡು. ಹೋಗು ಎಂದಿರಲಿಲ್ಲ. ಬೇರೆ ಯಾರ ಕೈಲಾದರೂ ತರಿಸು ಎಂದೂ ಅದರ ಅರ್ಥವಾಗಬಹುದಿತ್ತು. ಯಾರ ಕೈಲಿ? ಎಷ್ಟು ತಿರುಗಿಸಿದರೂ ಆ ಮಾತಿಗೆ ಎರಡನೆಯ ಅರ್ಥ ಹುಟ್ಟುತ್ತಿರಲಿಲ್ಲ. ಗೌಡನ ಮನೆಯ ಮದುವೆಯ ದಿನ ಇಡೀ ಊರು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಭಗವಂತ ಬಂದ. ರುಮಾಲಿನ ಸೆರಗಿನಲ್ಲಿ ಕಪ್ಪೆ, ಮೊಣಕಾಲಿನವರೆಗೆ ಒದ್ದೆ. ಮುಖದಲ್ಲಿ ಒಂದು ನಗೆ, ಕಲ್ಯಾಣಪ್ಪ ಹಿಂದೆಂದೂ ಅವನ ಮುಖದಲ್ಲಿ ಕಂಡಿರದ್ದು. "ನೀರು ಭಾಳ ತಣ್ಣಗ ಅದಾವ್ರಿ ಮಾಸ್ತರ್ರ, ಹಲ್ಲ ಜುಮ್ಮ ಅಂತಾವ," ಎಂದ. "ಕುಡದಿ ಏನ್ಲೇ?" ಭಗವಂತ ಮೀಸೆ ಒರೆಸಿಕೊಂಡು, ಕಪ್ಪೆಯನ್ನು ತಾನೇ ಸಾರಾಯಿಯ ಬಾಟಲಿಗೆ ಇಳಿಬಿಟ್ಟ. ಅವತ್ತು ರಾತ್ರಿ ಊಟಕ್ಕೆ ಕೂತಾಗ ತಂಬಿಗೆ ಬಾಯಿಯ ತನಕ ಬಂದು ಕೆಳಗಿಳಿಯಿತು. ಕಲ್ಯಾಣಪ್ಪ ಯಾರಿಗೂ ಕಾಣದ ಹಾಗೆ ಒಂದು ಚಿಟಿಕೆ ವಿಭೂತಿಯನ್ನು ನೀರಿಗೆ ಹಾಕಿಕೊಂಡ. ಆಮೇಲೆ ದಿನಾ ಹಾಕಿಕೊಳ್ಳತೊಡಗಿದ. ಕಪ್ಪೆ ಬೇಕಾಗಿತ್ತು, ಕಪ್ಪೆ ತಂದ ಕೈ ತಾಗಿದ ನೀರು ಬೇಡವಾಗಿತ್ತು. ಥೂ, ಎಂದು ತನ್ನನ್ನೇ ಬೈದುಕೊಂಡು ಮರುದಿನವೂ ಚಿಟಿಕೆ ಎತ್ತುತ್ತಿದ್ದ.

ಮೋಟಾರಿನ ಧೂಳು ಊರ ಅಗಸಿಬಾಗಿಲಲ್ಲಿ ಎದ್ದಾಗ ಅವನು ಶಾಲೆಯ ಪಡಸಾಲೆಯಲ್ಲಿ ಕುರ್ಚಿಗಳನ್ನು ಒರೆಸುತ್ತಿದ್ದ. ಪ್ರೊಫೆಸರ್ ಮೆಹಬೂಬ ಸಾಹೇಬರು ಶೇರವಾನಿ ತೊಟ್ಟ, ಸಣ್ಣ ದನಿಯ, ಕನ್ನಡಕದ ಮನುಷ್ಯ. ಭೀಮಾ ನದಿಯ ಮೀನು ನೋಡಲೆಂದು ಅಫಜಲಪುರದ ಕಡೆ ಹೊರಟವರು, ಕಪ್ಪೆಗಾಗಿ ಹಾದಿ ಬಿಟ್ಟು ಇಲ್ಲಿ ಇಳಿದಿದ್ದರು. ಅವರ ಮಾತೆಲ್ಲ ಉರ್ದು. ಕನ್ನಡ ಒಂದಕ್ಷರ ಬಾರದು. ಸರಕಾರದ ಕಡೆಯ ದೊಡ್ಡ ಮನುಷ್ಯರು ಬಂದರೆಂದು ದೌಲತರಾಯಗೌಡ ತಾನೇ ಕೋಲು ಹಿಡಿದು ಬಂದು ಎದುರಿನ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಕಲ್ಯಾಣಪ್ಪನಿಗಿಂತ ಚೆನ್ನಾಗಿ ಉರ್ದು ಬರುತ್ತಿತ್ತು. ಅಂಗಳದ ಆಚೆ ಬೇವಿನ ಗಿಡದ ಕೆಳಗೆ ಭಗವಂತ ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ರುಮಾಲನ್ನು ಒಗೆದು ಸುತ್ತಿಕೊಂಡಿದ್ದ. ಯಾಕೆ ಬಂದ ಇವನು, ಯಾಕೆ ಒಗೆದುಕೊಂಡು ಬಂದ, ಎಂದು ಕಲ್ಯಾಣಪ್ಪನಿಗೆ ಸಿಟ್ಟು ಬಂತು.

ಪ್ರೊಫೆಸರರು ಬಾಟಲಿ ಬಗ್ಗಿಸಿ ಕಪ್ಪೆಯನ್ನು ನೇರವಾಗಿ ಅಂಗೈಗೆ ಹಾಕಿಕೊಂಡರು. ಕಲ್ಯಾಣಪ್ಪನ ಮೈ ಮುಳ್ಳೆದ್ದಿತು. ಮೂಸಿ ನೋಡಿ, "ದಾರೂವಿನಲ್ಲಿ ಇಟ್ಟಿದ್ದೀರಿ!" ಎಂದು ಮುಗುಳ್ನಕ್ಕರು. ಗೌಡ ಹೊಟ್ಟೆ ಹಿಡಿದು ನಕ್ಕ. ಪ್ರೊಫೆಸರರು ಕಣ್ಣಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು, ಕಾಲ ಬೆರಳುಗಳನ್ನು ಸೂಜಿಯಿಂದ ಬಿಡಿಸಿದರು. ಆ ಹೊತ್ತಿನಲ್ಲಿ ಕಲ್ಯಾಣಪ್ಪನಿಗೆ ಅವರ ಮೇಲೆ ಒಂದು ಪ್ರೀತಿಯೇ ಹುಟ್ಟಿತು. ತನ್ನ ಯಾವುದನ್ನೂ ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ. ಅವರು ಹೇಳಿದ್ದು ಇಷ್ಟು: ತಲೆಯ ಮೇಲೆ ಉಬ್ಬಿದ ಗೆರೆಗಳಿಲ್ಲ, ಕಿವಿಯ ಹಿಂದಿನ ವಿಷದ ಗಂಟು ಚಪ್ಪಟೆ. ಪಡುವಣ ಬೆಟ್ಟದ ಸಣ್ಣ ಕಪ್ಪೆ ಹೀಗೇ ಇರುತ್ತದೆ. ಆದರೆ ನಮ್ಮ ಬಯಲ ಕಪ್ಪೆಯ ಮರಿಯೂ ಬೆಳೆಯುವ ತನಕ ಹೆಚ್ಚು ಕಡಿಮೆ ಹೀಗೇ. ಬಣ್ಣ ಇದ್ದಿದ್ದರೆ ಹೇಳಬಹುದಿತ್ತು, ಬಣ್ಣವನ್ನೆಲ್ಲ ದಾರೂ ಕುಡಿದುಬಿಟ್ಟಿದೆ.

"ಹಾಗಾಗಿ ಮಾಸ್ಟರ್ ಸಾಬ್, ಇದು ಯಾವುದೆಂದು ಇದರ ಮೈ ಹೇಳುವುದಿಲ್ಲ. ಸಿಕ್ಕ ಜಾಗ ಹೇಳಬೇಕು. ಎಂದೂ ಬತ್ತದ, ನೆರಳಿನ, ಕಲ್ಲಿನ ನೀರಿನಲ್ಲಿ ಸಿಕ್ಕಿದ್ದರೆ ಇದು ಬೆಟ್ಟದ್ದು. ಒಂದು ಕಾಲಕ್ಕೆ ಇಲ್ಲಿಂದ ಅಲ್ಲಿಯವರೆಗೆ ಕಾಡಿತ್ತು, ಕಾಡು ಹೋದಮೇಲೆ ಇವು ಇಲ್ಲಿ ಸಿಕ್ಕಿಕೊಂಡವು ಎನ್ನಬೇಕಾಗುತ್ತದೆ. ಇಷ್ಟು ಕಾಲ ಬೇರೆಯಾಗಿ ಉಳಿದದ್ದಕ್ಕೆ ಬೇರೆ ಹೆಸರೇ ಬೇಕಾದೀತು. ಅದಲ್ಲ, ಕೆಸರಲ್ಲಿ ಸಿಕ್ಕಿತು ಎಂದರೆ ಬಯಲ ಕಪ್ಪೆಯ ಮರಿ. ಅಷ್ಟೇ. ಹೇಳಿ. ಎಲ್ಲಿ ಸಿಕ್ಕಿತು? ಯಾರು ಹಿಡಿದರು?"

ಗೌಡನ ಕೋಲು ನೆಲದ ಮೇಲೆ ಆಡುವುದನ್ನು ನಿಲ್ಲಿಸಿತು. ಅಥವಾ ಹಾಗೆ ಕಲ್ಯಾಣಪ್ಪನಿಗೆ ಅನಿಸಿತು. ಗವಿಯಲ್ಲಿ ಎಂದರೆ, ಮುಂದಿನ ಮಾತು ಯಾರು ಎಂಬುದು. ಕಲ್ಯಾಣಪ್ಪ ಮಾಸ್ತರ ಕಪ್ಪೆ ಮುಟ್ಟುವುದಿಲ್ಲವೆಂದು ಶಾಲೆಯ ಪುಟ್ಟ ಮಕ್ಕಳಿಗೂ ಗೊತ್ತು. ಹೋದ ವರ್ಷ ಕುರಿಮರಿಯೊಂದು ಮೆಟ್ಟಿಲೇರಿತೆಂದು ಅದರ ಬೆನ್ನು ಹತ್ತಿ ನಾಲ್ಕು ಹೆಜ್ಜೆ ಏರಿದ ಕೇರಿಯ ಮುದುಕನನ್ನು ಗೌಡ ಚಾವಡಿಯ ಕಂಬಕ್ಕೆ ಕಟ್ಟಿಸಿದ್ದ. ಆ ಮುದುಕ ಆಮೇಲೆ ಬಾಗಿಯೇ ನಡೆದ. ಇದು ಮೆಟ್ಟಿಲಲ್ಲ, ಗವಿ. ಲಿಂಗದ ನೀರು. ಕಲ್ಯಾಣಪ್ಪ ಬೇವಿನ ಗಿಡದ ಕಡೆ ನೋಡಿದ. ಭಗವಂತ ಇತ್ತಲೇ ನೋಡುತ್ತಿದ್ದ. ಉರ್ದು ಅವನಿಗೆ ತಿಳಿಯದು, ಆದರೆ ಕೇಳುತ್ತಿರುವುದು ಏನೆಂದು ತಿಳಿದಿತ್ತು. ಕತ್ತು ಸ್ವಲ್ಪ ಮುಂದೆ ಚಾಚಿದ್ದ. ಇನ್ನೂ ಒಂದು ಮಾತಿತ್ತು. ನಾನೇ ಹಿಡಿದೆ, ಗವಿಯಲ್ಲಿ, ನನ್ನ ಈ ಕೈಯಿಂದ. ಮಾಸ್ತರನೇ ತಲೆಯ ಮೇಲೆ ಹೊತ್ತುಕೊಂಡರೆ ಅದನ್ನು ಸುಳ್ಳೆನ್ನುವವರು ಯಾರು? ಕಪ್ಪೆಯೂ ಉಳಿಯುತ್ತಿತ್ತು, ಭಗವಂತನೂ ಉಳಿಯುತ್ತಿದ್ದ. ಹೋಗುವುದು ತನ್ನದು: ಲಿಂಗದ ಮುಂದಿನ ಜೀವ ತೆಗೆದು ಸಾರಾಯಿಗೆ ಹಾಕಿದ ಮಾಸ್ತರ, ಮಠದ ಪಂಕ್ತಿಯಿಂದ ಎಬ್ಬಿಸಿದ ಮಾಸ್ತರ, ಚಾವಡಿಯ ಮುಂದೆ ಹಾಯುವಾಗಲೆಲ್ಲ ಟರ್ರ್ ಎನಿಸಿಕೊಳ್ಳುವ ಮಾಸ್ತರ. ಅಷ್ಟೇ ಹೋಗುವುದು. ಮಾತು ನಾಲಗೆಯ ಮೇಲೆ ಬಂತು ಕೂಡ. ಆಗ ಗೌಡ ಕನ್ನಡದಲ್ಲಿ, ಮೆಲ್ಲಗೆ, "ಹೇಳ್ರಿ ಮಾಸ್ತರ್ರ, ಸಾಹೇಬರು ಕೇಳಾಕತ್ತಾರ. ಎಲ್ಲಿ ಸಿಕ್ತು ನಿಮ್ಮ ಕೂಸು?" ಎಂದ.

"ಕೇರಿಯ ಕೆಳಗಿನ ಹಳ್ಳದಲ್ಲಿ," ಎಂದ ಕಲ್ಯಾಣಪ್ಪ ಉರ್ದುವಿನಲ್ಲಿ. "ಕೆಸರಲ್ಲಿ. ಅಲ್ಲಿಯವರು ಯಾರೋ ಹಿಡಿದುಕೊಟ್ಟರು."

"ಅಚ್ಛಾ," ಎಂದರು ಪ್ರೊಫೆಸರರು. ಅವರ ಮುಖ ಸಣ್ಣದಾಯಿತು. ಇಷ್ಟು ದೂರ ಬಂದವರು. ಅದಕ್ಕೇ ಇರಬೇಕು, ಬಾಟಲಿ ಮುಚ್ಚುತ್ತ ಮುಚ್ಚುತ್ತ ನಿಲ್ಲಿಸಿ, ಜಾಗವನ್ನೇ ನೋಡಿಬಿಡೋಣ, ಜೀವಂತ ಒಂದೆರಡು ಸಿಕ್ಕರೆ ಸಂಶಯ ಉಳಿಯುವುದಿಲ್ಲ ಎಂದರು. ಕಲ್ಯಾಣಪ್ಪ ಇದನ್ನು ಎಣಿಸಿರಲಿಲ್ಲ. ಸುಳ್ಳು ಹೇಳಿದರೆ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದ. ಆ ಸುಳ್ಳನ್ನು ಹುಡುಕಿಕೊಂಡು ಈ ಬಿಸಿಲಲ್ಲಿ ನಡೆದುಹೋಗುವ ಮನುಷ್ಯರೂ ಇರುತ್ತಾರೆಂದು ಎಣಿಸಿರಲಿಲ್ಲ. ಗೌಡ ಆಗಲೇ ತಳವಾರರನ್ನು ಕೂಗಿ ಸಲಿಕೆ, ಗುದ್ದಲಿ ತರಿಸಿದ.

ಹಳ್ಳ ಬಿಳಿಚಿ ಬಿದ್ದಿತ್ತು. ಉಸುಕು ಕಾಲು ಸುಡುತ್ತಿತ್ತು. ಇಡೀ ಹಳ್ಳದಲ್ಲಿ ಹಸಿ ಇದ್ದದ್ದು ಒಂದೇ ಕಡೆ: ಸುತ್ತ ಕಲ್ಲು ಜೋಡಿಸಿ, ಮೇಲೆ ಜಾಲಿಯ ಟೊಂಗೆ ಮುಚ್ಚಿದ ಕೇರಿಯ ವರತೆ. ಚಿಪ್ಪಿನಲ್ಲಿ ಬಳಿದು ಬಳಿದು ತುಂಬುವಷ್ಟು ನೀರು. ಭಗವಂತನ ಹೆಂಡತಿ ಮಲ್ಕಮ್ಮ ಕೊಡ ಇಟ್ಟುಕೊಂಡು ಅದರ ಬಾಯಿಗೆ ಕೂತಿದ್ದಳು, ಹಿಂದೆ ಇನ್ನಷ್ಟು ಹೆಂಗಸರು ಕೊಡಗಳೊಂದಿಗೆ. ಇವರ ಗುಂಪು ಕಂಡು ಎದ್ದು ಸರಿದರು. ತಳವಾರರು ಜಾಲಿ ಎಳೆದರು. ಮೊದಲ ಕಲ್ಲು ಕಿತ್ತಾಗ ಮಲ್ಕಮ್ಮ, "ಯಪ್ಪಾ, ಯಾಕ್ರೀ? ಕುಡ್ಯೋ ನೀರ್ರಿ ಅವು! ಕಲ್ಲ ತೆಗೀಬ್ಯಾಡ್ರಿ, ಉಸುಕು ಇಳದ್ರ ಮುಚ್ಚಿ ಹೋಗ್ತದ್ರಿ!" ಎಂದು ಕೂಗಿದಳು. ಪ್ರೊಫೆಸರರು ಕೈ ಎತ್ತಿ ತಳವಾರರನ್ನು ತಡೆದರು. ಕಲ್ಯಾಣಪ್ಪನ ಕಡೆ ತಿರುಗಿ ಕೇಳಿದರು, "ಏನು ಹೇಳುತ್ತಿದ್ದಾಳೆ?"

ಆ ಕೈ ಇನ್ನೂ ಮೇಲೆಯೇ ಇತ್ತು. ನಿಜ ಹೇಳಿದರೆ ಅವರು ಹಿಂದಿರುಗುತ್ತಿದ್ದರು. ಆ ಮನುಷ್ಯ ಅಂಥವರೆಂದು ಕಲ್ಯಾಣಪ್ಪನಿಗೆ ಖಾತ್ರಿಯಿತ್ತು. ಆದರೆ ಮುಂದೆ? ಕುಡಿಯುವ ಶುದ್ಧ ನೀರಲ್ಲಿ ಕೆಸರೆಲ್ಲಿ, ಕಪ್ಪೆ ಎಲ್ಲಿ ಎಂದು ಮತ್ತೆ ಕೇಳುತ್ತಿದ್ದರು. ಗೌಡ ಎರಡು ಹೆಜ್ಜೆ ಆಚೆ ಕಿವಿಗೊಟ್ಟು ನಿಂತಿದ್ದ. "ಏನಿಲ್ಲ ಸಾಬ್," ಎಂದ ಕಲ್ಯಾಣಪ್ಪ, "ದನಕ್ಕೆ ಕುಡಿಸುವ ಗುಂಡಿ. ಆಮೇಲೆ ಮುಚ್ಚಿಕೊಡಿ ಎನ್ನುತ್ತಿದ್ದಾಳೆ." ಕೈ ಇಳಿಯಿತು. ಉರ್ದು ತಪ್ಪಿಲ್ಲದೆ ಬಂದಿತ್ತು. ಇಡೀ ಜನ್ಮದಲ್ಲಿ ಅವನ ಉರ್ದು ಅಷ್ಟು ನೆಟ್ಟಗೆ ಬಂದದ್ದು ಅದೇ ಮೊದಲು. ಗೌಡ ಹತ್ತಿರ ಬಂದು, ಇಷ್ಟು ವರ್ಷಗಳಲ್ಲಿ ಎಂದೂ ಮಾಡದವನು, ಅವನ ಹೆಗಲ ಮೇಲೆ ಕೈಯಿಟ್ಟ. "ಶಾಣ್ಯಾ ಇದ್ದೀರಿ, ಮಾಸ್ತರ್ರ," ಎಂದ. ಗೊತ್ತಿತ್ತೇ ಅವನಿಗೆ, ಎಲ್ಲವೂ? ಆ ಕೈ ತೂಕವಾಗಿತ್ತು, ಬೆಚ್ಚಗಿತ್ತು. ಅದು ಹೆಗಲ ಮೇಲಿರುವಷ್ಟು ಹೊತ್ತು ಕಲ್ಯಾಣಪ್ಪನಿಗೆ ಹಿತವಾಗಿತ್ತು ಎಂಬುದೇ ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು.

ಕಲ್ಲೆಲ್ಲ ಕಿತ್ತರು. ಕೆಳಗಿನ ಕೆಸರನ್ನು ಸಲಿಕೆಯಲ್ಲಿ ಎತ್ತಿ ದಂಡೆಗೆ ಹರಡಿದರು. ಅದರಲ್ಲಿ ಬಯಲ ಕಪ್ಪೆಯ ಮರಿಗಳಿದ್ದವು, ಮಣ್ಣಿನ ಬಣ್ಣದವು, ಹೆಬ್ಬೆರಳ ಗಾತ್ರದವು. ಇರುವುದೇ ಅಲ್ಲವೇ, ಬೇಸಗೆಯಲ್ಲಿ ಹಸಿ ಇರುವ ಒಂದೇ ಜಾಗ. ಪ್ರೊಫೆಸರರು ಉಸುಕಿನಲ್ಲಿ ಮೊಣಕಾಲೂರಿ ಒಂದನ್ನು ಹಿಡಿದು, ಬಾಟಲಿಯದರ ಜೊತೆ ಇಟ್ಟು ನೋಡಿದರು. "ಇದೇ," ಎಂದರು. ಅದು ಇದೇ ಅಲ್ಲ. ಇದರ ನಡು ದಪ್ಪ, ಅದರದು ಸಣ್ಣ. ಬಣ್ಣ ಕಳೆದ ಪಕ್ಕೆಯಲ್ಲೂ ಚುಕ್ಕೆಯ ಗುರುತು ಗೊತ್ತಿದ್ದವನಿಗೆ ಕಾಣುತ್ತಿತ್ತು. ಗೊತ್ತಿದ್ದವನು ಬಾಯಿ ಮುಚ್ಚಿ ನಿಂತಿದ್ದ. ಪ್ರೊಫೆಸರರು ಮರಿಯನ್ನು ಉಸುಕಿನ ಮೇಲೆ ಬಿಟ್ಟು ಕೈ ಒರೆಸಿಕೊಂಡರು. ಬಾಟಲಿಯನ್ನು ಕಲ್ಯಾಣಪ್ಪನಿಗೆ ಹಿಂದಕ್ಕೆ ಕೊಟ್ಟು, "ನಿಮ್ಮ ಮಕ್ಕಳಿಗೆ ತೋರಿಸಿ, ಪಾಠಕ್ಕೆ ಬರುತ್ತದೆ. ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ," ಎಂದು ಬೆನ್ನು ತಟ್ಟಿದರು. ಮೋಟಾರು ಅಫಜಲಪುರದ ಹಾದಿ ಹಿಡಿಯಿತು. ವರತೆ ಇದ್ದಲ್ಲಿ ಒಂದು ಕದಡಿದ ಕುಣಿ ಇತ್ತು, ಸುತ್ತಲಿನ ಉಸುಕು ಅದರೊಳಕ್ಕೆ ಸಣ್ಣ ಸದ್ದು ಮಾಡುತ್ತ ಜಾರುತ್ತಿತ್ತು. ಹೆಂಗಸರು ಖಾಲಿ ಕೊಡ ಹಿಡಿದು ನಿಂತೇ ಇದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನು ತಿರುಗಿ ಬೈಯಬಹುದಿತ್ತು.

ಮನೆಗೆ ಬಂದು ಹೊಸ್ತಿಲಲ್ಲಿ ಕೆರ ಬಿಟ್ಟು, ಬಾಟಲಿಯನ್ನು ಮತ್ತೆ ಅವುಗಳ ಮಗ್ಗುಲಲ್ಲೇ ಇಟ್ಟ. ಭಗವಂತ ಹಿತ್ತಲ ಗೋಡೆಯ ಆಚೆ ಕಾಯುತ್ತಿದ್ದ. ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ.

"ಕೇರಿ ಕೆಸರಿನಾಗ ಸಿಕ್ತು ಅಂದ್ರಂತ್ರಿ."

"ನಿನ್ನ ಸಲುವಾಗಿ ಅಂದೇನಿ ಲೇ! ಗವಿ ಅಂದಿದ್ರ ನಿನ್ನ ಚರ್ಮ ಸುಲೀತಿದ್ದ ಆ ಗೌಡ. ಅಷ್ಟೂ ತಿಳಿಯಂಗಿಲ್ಲೇನ್ ನಿನಗ?"

"ನಾ ಕೇಳಿದ್ನೇನ್ರಿ?"

"ಏನ್ ಕೇಳೋದು? ಹೊಡಸ್ತಿದ್ರೋ ಮೂರ್ಖಾ!"

"ಹೊಡತ ನಮಗ ಹೊಸಾದೇನ್ರಿ, ಮಾಸ್ತರ್ರ." ಭಗವಂತನ ದನಿ ಏರಲಿಲ್ಲ. "ಕಪ್ಪಿಗಿ ಹೆಸರ ನಿಮ್ದ ಇಟ್ಕೊಳ್ರಿ, ನಾ ಬ್ಯಾಡ ಅಂದಿಲ್ಲ. ಆದ್ರ ಜಾಗಾನರ ಖರೇ ಹೇಳಬೇಕಿತ್ತು. ನನ್ನ ಎರಡೂ ಕಾಲ ಆ ನೀರಾಗ ಇದ್ದುವ್ರಿ. ಲಿಂಗದ ಮಗ್ಗಲಾಗ ಕುಂತು ಬೊಗಸಿ ತುಂಬ ಕುಡದೇನಿ. ಈ ಹಾಳ ಹೊಟ್ಟಿಯೊಳಗ ಅದೊಂದ್ ಚಲೋದ್ ಇತ್ತು. ನೀವು ಅದನ್ನೂ ತಂದು ನಮ್ಮ ಕೆಸರಿಗೇ ಹಾಕಿದ್ರಿ."

ಕಲ್ಯಾಣಪ್ಪನಿಗೆ ಸಿಟ್ಟು ನೆತ್ತಿಗೇರಿತು. ಉಪಕಾರ ಮಾಡಿದವನಿಗೆ ಇವನು ಲೆಕ್ಕ ಕೇಳುವುದೇ? "ನಡೀ, ನಡೀ ಇಲ್ಲಿಂದ! ಸಲುಗಿ ಕೊಟ್ಟದ್ದ ತಪ್ಪಾತು," ಎಂದು ಅರಚಿದ. ಭಗವಂತ ಹೋದ. ಹೋಗುವಾಗ ತಿರುಗಿ ನೋಡುತ್ತಾನೆಂದು ಕಲ್ಯಾಣಪ್ಪ ಕಾದ, ನೋಡಲಿಲ್ಲ. ಆ ಸಿಟ್ಟು ಇಳಿಯಬಾರದಿತ್ತು. ಇಳಿಯುತ್ತ ಹೋದ ಹಾಗೆ ಕೆಳಗೆ ಏನೇನೋ ಕಾಣತೊಡಗಿತು, ನೀರು ತೆಗೆದ ಬಾವಿಯ ತಳದ ಹಾಗೆ. ನಿನ್ನ ಸಲುವಾಗಿ ಅಂದೇನಿ. ಬೇವಿನ ಗಿಡದತ್ತ ನೋಡಿದಾಗ ತಾನು ಕಂಡದ್ದು ಏಟು ಬೀಳಲಿದ್ದ ಭಗವಂತನ ಬೆನ್ನನ್ನೋ, ಮಠದ ಪಂಕ್ತಿಯಲ್ಲಿ ಖಾಲಿಯಾದ ತನ್ನ ಜಾಗವನ್ನೋ? ಶಾರದಾಬಾಯಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಗುಡ್ಡದ ನೀರು. ಕೈ ತಾನಾಗಿ ವಿಭೂತಿಯ ಗೂಡಿನ ಕಡೆ ಹೋಯಿತು. ಗೂಡಿಗೆ ಮುಟ್ಟುವ ಮೊದಲೇ ಅವನು ಅದನ್ನು ಹಿಂದಕ್ಕೆಳೆದುಕೊಂಡ. ಎಳೆದುಕೊಂಡವನು ನೀರನ್ನೂ ಕುಡಿಯಲಿಲ್ಲ.

ಬಿಸಿಲು ಇಳಿಮೊಗವಾಗಿತ್ತು. ಮುಂಬಾಗಿಲ ಎದುರು, ಹಾದಿಯ ಆಚೆ ಬದಿಯಲ್ಲಿ ಮಲ್ಕಮ್ಮ ನಿಂತಿದ್ದಳು. ಓಡಿ ಬಂದಿದ್ದಳು, ಎದೆ ಏರಿಳಿಯುತ್ತಿತ್ತು. ನೀರು ಕೇಳಲು ಬಂದಳೆಂದು ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು. "ಶಾರದಾ, ಒಂದ್ ಕೊಡ ನೀರ್ ತಾ, ಇಕಿಗಿ ಹಾಕು," ಎಂದು ಕೂಗಿದ.

"ನೀರ್ ಬ್ಯಾಡ್ರಿ," ಎಂದಳು ಮಲ್ಕಮ್ಮ. "ನಮ್ಮ ಮನಿಯವರು ಗುಡ್ಡಕ್ಕ ಹೋಗ್ಯಾರ್ರಿ. ನಮ್ಮ ದೊಡ್ಡ ಕೊಡ ತೊಗೊಂಡು. ಕೇರಿ ಕೂಸಗೋಳು ನೀರ್ ನೀರ್ ಅಂತ ಅಳಾಕತ್ತುವು, ಎದ್ದು ಹೋದ್ರು. ಕಾಲ ಹಿಡದೇನಿ, ಕೇಳಲಿಲ್ಲ."

"ಈಗ? ಈ ಬೆಳಕಿನಾಗ?"

"ಮಂದಿ ನೋಡಲಿ ಅಂದ್ರು." ಅವಳು ಅಳುತ್ತಿರಲಿಲ್ಲ. "ನೀವು ಬರ್ರಿ, ಮಾಸ್ತರ್ರ. ನಾ ಕಳಿಸೇನಿ ಅಂತ ಒಂದ್ ಮಾತ ಅನ್ರಿ, ಬಿಡ್ತಾರ. ಮೊದ್ಲ ನೀವ ಕಳಿಸಿದ್ರಲ್ರಿ. ಜಲ್ದಿ ಬರ್ರಿ."

"ಬಂದೆ, ಬಂದೆ," ಎಂದ ಕಲ್ಯಾಣಪ್ಪ. ಒಂದು ಕಾಲಿಗೆ ಕೆರ ಹಾಕಿಕೊಂಡ. ಮಠದ ಕಡೆಯಿಂದ ಯಾರೋ ಕೂಗಿದರು, ಮತ್ತೆ ಯಾರೋ, ಆಮೇಲೆ ಬಹಳ ಜನ. ತಾಮ್ರದ್ದೋ ಮಣ್ಣಿನದ್ದೋ, ಕೊಡವೊಂದು ಕಲ್ಲಿನ ಮೇಲೆ ಬಿದ್ದ ಸದ್ದು. ಅವನು ಇನ್ನೊಂದು ಕೆರಕ್ಕಾಗಿ ಸುತ್ತ ನೋಡಿದ. ಹೊಸ್ತಿಲ ಈಚೆ ನೋಡಿದ, ಆಚೆ ನೋಡಿದ. ಶಾರದಾಬಾಯಿ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಕಾಲ ಮುಂದನ ಅದಲ್ರಿ, ಆ ಬಾಟ್ಲಿ ಮಗ್ಗಲಾಗ," ಎಂದಳು.

"ನೋಡಾಕತ್ತೇನಿ," ಎಂದು ಅವನು ಕೊಟ್ಟಿಗೆಗೆ ಹೋದ. ಗೋಡೆಯ ಸಂದಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಾದಿಗೆ ಬೆನ್ನು ಮಾಡಿ, ಹಳೇ ಗೋಣಿಚೀಲಗಳನ್ನು ಒಂದೊಂದಾಗಿ ಕೊಡವುತ್ತ, ಅದು ಸಿಗುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದ ಜಾಗದಲ್ಲಿ ಹುಡುಕತೊಡಗಿದ.